ರೂಪಶ್ರೀಯ ತಾಳ, ಎಸ್ಟೇಟಿನ ಗಂಟೆ

ಬಾಳೂರಿನ ಮಂಜಯ್ಯನವರ ಎಸ್ಟೇಟಿನಲ್ಲಿ ಒಂದು ದಿನ ಮಧ್ಯಾಹ್ನ ಮೂರಕ್ಕೇ ಆಳುಗಳೆಲ್ಲ ಕಾಫಿ ಹಣ್ಣಿನ ಚೀಲ ಹೊತ್ತು ಕಣಕ್ಕೆ ಬಂದುಬಿಟ್ಟರು. ಕೆಲಸ ಬಿಡುವುದು ನಾಲ್ಕೂವರೆಗೆ.

"ಗಂಟೆ ಹೊಡೀತಲ್ಲ ಗೌಡ್ರೇ," ಎಂದಳು ಚೀಲ ಇಳಿಸುತ್ತಾ ಮುದ್ದಮ್ಮ.

ಕಣದ ಮುಂದೆ ನೇತುಹಾಕಿದ ರೈಲುಕಂಬಿಯ ತುಂಡೇ ಅಲ್ಲಿನ ಗಂಟೆ, ಮಂಜಯ್ಯನವರ ಅಜ್ಜನ ಕಾಲದ್ದು. ಅದನ್ನು ಯಾರೂ ಮುಟ್ಟಿರಲಿಲ್ಲ. ಸದ್ದು ಬರುತ್ತಿದ್ದದ್ದು ಕೆರೆಯಿಂದ. ಮಂಜಯ್ಯ ದಡಬಡಿಸಿ ಇಳಿದು ನೋಡಿದರೆ, ಹೆಂಡತಿ ವಿಮಲಮ್ಮ ಸೆರಗು ಸಿಕ್ಕಿಸಿಕೊಂಡು ನೀರಿಗಿಳಿದ ಪಂಪಿನ ಪೈಪಿಗೆ ಸ್ಪ್ಯಾನರಿನಿಂದ ಬಾರಿಸುತ್ತಿದ್ದಾರೆ. ಕೆರೆಯ ನಡುವೆ ಮಗಳು ರೂಪಶ್ರೀಯ ಎರಡು ಕಾಲು ಮಾತ್ರ ಮೇಲಿವೆ!

ಅದು 1998ರ ಡಿಸೆಂಬರ್. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಸಿಂಕ್ರೊನೈಸ್ಡ್ ಈಜು, ಅಂದರೆ ತಾಳಕ್ಕೆ ಸರಿಯಾಗಿ ಎಲ್ಲರೂ ಒಟ್ಟಿಗೆ ನೀರಲ್ಲಿ ಕುಣಿಯುವುದನ್ನು, ಕಲಿಯುತ್ತಿದ್ದ ಹುಡುಗಿ ರಜೆಗೆ ಬಂದಿದ್ದಳು. ಜನವರಿಯಲ್ಲಿ ರಾಜ್ಯ ತಂಡದ ಆಯ್ಕೆ. ಮುಳುಗಿದವರಿಗೆ ಟೇಪಿನ ಹಾಡು ಕೇಳದು, ಕಬ್ಬಿಣದ ಸದ್ದು ಕೇಳುತ್ತದೆ. ಬೆಳಿಗ್ಗೆ ಆ ನೀರಿಗಿಳಿದರೆ ಮೈ ಮರಗಟ್ಟುತ್ತದೆ; ಬಿಸಿಲು ಬೀಳುವುದೇ ಮಧ್ಯಾಹ್ನ.

"ಹಣ್ಣು ಗಿಡದಿಂದ ಉದುರ್ತಾ ಇದೆ. ನಾಳೆಯಿಂದ ಇದೆಲ್ಲ ನಿಲ್ಬೇಕು!" ಮಂಜಯ್ಯ ಗುಡುಗಿದರು.

"ಕೆಲ್ಸ ಬಿಡಕ್ಕೆ ನೀವು ಜೀಪಿನ ಹಾರನ್ ಹೊಡೀರಿ," ಎಂದರು ವಿಮಲಮ್ಮ.

"ಅಜ್ಜನ ಗಂಟೆ ನಿಲ್ಸಕ್ಕಾಗುತ್ತಾ?"

ಮರುದಿನ ಮೂರಾದರೂ ಸದ್ದಿಲ್ಲ. ಬೇಕೆಂದದ್ದೇ ಆಗಿದ್ದರೂ ಮಂಜಯ್ಯನವರಿಗೆ ಸಮಾಧಾನವಿಲ್ಲ. ಕೆರೆಗೆ ಹೋದರು. ರೂಪಶ್ರೀ ಲೆಕ್ಕ ತಪ್ಪಿ ಕೆಮ್ಮುತ್ತಾ ಮೇಲೆ ಬಂದಳು. ಮತ್ತೆ ಮುಳುಗಿದಳು, ಮತ್ತೆ ತಪ್ಪಿದಳು. ಅಳುತ್ತಲೇ ಇನ್ನೊಮ್ಮೆ ಮುಳುಗಲು ಹೊರಟಾಗ ಅಪ್ಪ ಪಂಪಿನ ಪೈಪಿನ ಬಳಿ ಬಂದರು.

"ಎಷ್ಟು ಜೋರಾಗಿ ಹೊಡೀಬೇಕು ಮಗಾ?" ಎನ್ನುತ್ತಾ ಸ್ಪ್ಯಾನರ್ ಎತ್ತಿಕೊಂಡರು.

ಅಂದೂ ಆಳುಗಳು ಆ ಸದ್ದಿಗೆ ಹೊತ್ತಿಗೆ ಮುಂಚೆಯೇ ಇಳಿದು ಬಂದರು. ಈ ಸಲ ಬಾರಿಸಿದ್ದು ಗೌಡರೇ. ಮಾರನೆಯ ದಿನದಿಂದ ಕೆಲಸ ಬಿಡಲು ಜೀಪಿನ ಹಾರನ್ ಬಂತು.

ರೂಪಶ್ರೀ ಆಯ್ಕೆಯಾದಳು. ವರ್ಷಗಟ್ಟಲೆ ರಾಜ್ಯಕ್ಕಾಗಿ ಈಜಿ ಪದಕಗಳನ್ನೂ ತಂದಳು. 2006ರಲ್ಲಿ ಸ್ಪರ್ಧೆ ಬಿಟ್ಟು ಬೆಂಗಳೂರಿನ ಈಜುಕೊಳವೊಂದರಲ್ಲಿ ಮಕ್ಕಳಿಗೆ ಕಲಿಸತೊಡಗಿದಳು. ಮೊದಲ ದಿನವೇ ಮಂಜಯ್ಯನವರ ಜೀಪು ಬಂದು ನಿಂತಿತು. ಹಿಂದೆ ಗೋಣಿತಾಟಿನಲ್ಲಿ ಸುತ್ತಿದ ರೈಲುಕಂಬಿ.

"ಅಪ್ಪಾ, ಇದು ಮುತ್ತಜ್ಜನ ಗಂಟೆ!"

"ಅಲ್ಲಿ ಸುಮ್ನೆ ನೇತಾಡ್ತಾ ಇತ್ತು ಮಾರಾಯ್ತಿ. ಇಲ್ಲಾದ್ರೂ ಕೆಲ್ಸ ಮಾಡ್ಲಿ."

ಕಂಬಿಯ ತುದಿಯನ್ನು ನೀರಿಗಿಳಿಸಿ ಕಟ್ಟಿ ರೂಪಶ್ರೀ ಬಾರಿಸಿದಳು. ಕೊಳದಲ್ಲಿ ಪುಟ್ಟ ಕಾಲುಗಳೆಲ್ಲ ಒಟ್ಟಿಗೆ ಮೇಲೆದ್ದವು. ಮಂಜಯ್ಯನವರಿಗೆ ಖುಷಿಯೋ ಖುಷಿ. ಆದರೂ ಅಭ್ಯಾಸಬಲ ನೋಡಿ, ಸದ್ದು ಕೇಳಿದ್ದೇ ಕೈ ಎತ್ತಿ ವಾಚು ನೋಡಿಕೊಂಡರು.