ಸಾಕುವವರು ಯಾರು

“ವಾಪಸ್ ಬಂದಿದೆ ಕಣಮ್ಮ,” ಎಂದು ವೆಂಕಟರಮಣಯ್ಯ ಕಾಗದವನ್ನು ಚಾಪೆಯ ಮೇಲೆ ಹರಡಿ, ಗಾಳಿಗೆ ಹಾರದಿರಲೆಂದು ಮಸಿಕುಡಿಕೆಯನ್ನು ಅದರ ಮೂಲೆಗೆ ಇಟ್ಟರು.

ವೆಂಕಟರತ್ನಮ್ಮ ಕಾಗದದ ಮೇಲೆ ಬಾಗಿದಳು. ರಾಯಲ್ಪಾಡಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಅಪ್ಪನ ಜೊತೆ ಶ್ರೀನಿವಾಸಪುರದ ತಾಲ್ಲೂಕು ಕಚೇರಿಗೆ ಬಂದದ್ದು, ತನ್ನ ಪಾಸುಪೋರ್ಟಿನ ಅರ್ಜಿ ಕೋಲಾರಕ್ಕೆ ಹೋಯಿತು ಎಂಬ ಒಂದು ಮಾತು ಕೇಳುವುದಕ್ಕೆ. ನೋಡಿದರೆ ಅದು ಇಲ್ಲಿಂದ ಒಂದು ಗೇಣು ಅಲುಗಿಲ್ಲ, ತಾಲ್ಲೂಕಿನ ಅಮಲ್ದಾರರ ಮೇಜಿನಿಂದಲೇ ತಿರುಗಿ ಬಂದಿದೆ. ಅಂಚಿನಲ್ಲಿ ಕೆಂಪು ಮಸಿಯಿಂದ ಯಾರೋ ನಾಲ್ಕು ಸಾಲು ಗೀಚಿದ್ದರು.

ವೆಂಕಟರಮಣಯ್ಯ ಮುಳಬಾಗಿಲಿನ ಕಡೆಯವರು. ಇಪ್ಪತ್ತು ವರ್ಷದಿಂದ ಈ ಕಚೇರಿಯ ಜಗಲಿಯ ಮೇಲೆ ಕೂತು ಹಳ್ಳಿಯವರ ಅರ್ಜಿ ಬರೆದುಕೊಡುತ್ತಿದ್ದರು. ಖಾತೆ ಬದಲಾವಣೆ, ಪಹಣಿ ತಕರಾರು ಅವರಿಗೆ ನೀರು ಕುಡಿದಷ್ಟು ಸಲೀಸು. ಸಮುದ್ರದಾಚೆ ಹೋಗುವವರ ಕಾಗದ ಮಾತ್ರ ಇದೇ ಮೊದಲು. ಹಾಗೆಂದು ಒಪ್ಪಿಕೊಳ್ಳುವ ಆಸಾಮಿಯಲ್ಲ ಅವರು. ಕೋಲಾರದ ವಕೀಲರೊಬ್ಬರ ಮನೆಯಲ್ಲಿ ಎರಡು ದಿನ ಕೂತು, ಅರ್ಜಿಯಲ್ಲಿದ್ದ ಒಂದೊಂದು ಶಬ್ದದ ಅರ್ಥವನ್ನೂ ಬರೆದುಕೊಂಡು ಬಂದು, ಈಗ ಹುಟ್ಟಿದಾಗಿನಿಂದ ಗೊತ್ತಿದ್ದವರ ಗತ್ತಿನಲ್ಲಿ ಹೇಳುತ್ತಿದ್ದರು.

“ನೋಡಮ್ಮ, ಮಲಯಾಕ್ಕೆ ಕೂಲಿ ಮಾಡೋಕೆ ಹೋಗ್ತೀನಿ ಅಂದ್ರೆ ಸರ್ಕಾರ ಬಿಡ್ತಿಲ್ಲ. ಯುದ್ಧ ಬೇರೆ. ಗಂಡನ ಹತ್ರ ಹೋಗೋ ಹೆಂಡ್ತಿ ಆದ್ರೆ ಬಿಡ್ತಾರೆ. ಅವಳಿಗೆ ಕಾನೂನಿನಲ್ಲಿ ಡಿಪೆಂಡೆಂಟ್ ಅಂತ ಹೆಸರು. ಅಂದ್ರೆ ಅವಲಂಬಿತೆ. ಗಂಡ ಹಾಕೋ ಅನ್ನದ ಮೇಲೆ ಬದುಕಿರೋಳು ಅಂತ. ಬರೀ ತಾಳಿ ಇದ್ರೆ ಸಾಲದು. ಅವನೇ ಸಾಕ್ತಿದಾನೆ ಅಂತ ರುಜುವಾತಾಗಬೇಕು.”

“ಅದರಲ್ಲೇನು ಅನುಮಾನ ಸ್ವಾಮಿ?”

“ಅನುಮಾನ ನನಗಿಲ್ಲ. ಹೋಬಳಿ ಶೇಕದಾರರು ನಿಮ್ಮೂರಿಗೆ ವಿಚಾರಣೆಗೆ ಬಂದಾಗ ನಿಮ್ಮಪ್ಪನೋರು ಏನು ಹೇಳಿಕೆ ಕೊಟ್ಟಿದಾರೆ, ಕೇಳು.” ವೆಂಕಟರಮಣಯ್ಯ ಕನ್ನಡಕ ಸರಿಮಾಡಿಕೊಂಡು ಓದಿದರು. “‘ನನ್ನ ಮಗಳು ಯಾರ ಹಂಗಿನಲ್ಲಿಯೂ ಇರುವುದಿಲ್ಲ. ಅಳಿಯ ಕದಿರೇಶನನ್ನು ಇಲ್ಲಟಂ ತಂದು ನಾನೇ ಸಾಕಿರುತ್ತೇನೆ. ಅವನು ಮಲಯಾದಿಂದ ಕಳಿಸಿದ ಮನಿಯಾರ್ಡರುಗಳನ್ನು ಪ್ರತಿ ಸಲವೂ ಹಿಂದಕ್ಕೆ ಕಳಿಸಿರುತ್ತೇನೆ.’ ಕೆಳಗೆ ಸಹಿ.”

ವೆಂಕಟರತ್ನಮ್ಮ ತಿರುಗಿ ಅಪ್ಪನನ್ನು ನೋಡಿದಳು. ಕೋದಂಡರಾಮಪ್ಪ ಕಂಬಕ್ಕೆ ಒರಗಿ, ರುಮಾಲಿನ ತುದಿಯಿಂದ ಕತ್ತು ಒರೆಸಿಕೊಳ್ಳುತ್ತ, ಕಚೇರಿಯ ಹೆಂಚು ಎಣಿಸುವವನಂತೆ ಮೇಲೆ ನೋಡುತ್ತಿದ್ದ.

ಗಂಡು ಮಕ್ಕಳಿಲ್ಲದ ಮನೆಗೆ ಅಳಿಯನನ್ನು ಕರೆತಂದು ಮಗನ ಜಾಗದಲ್ಲಿ ಕೂರಿಸುವುದು ಆ ಗಡಿಸೀಮೆಯ ರೂಢಿ. ಅದೇ ಇಲ್ಲಟಂ. ಅಳಿಯ ಮಾವನ ಹೊಲ ಉಳಬೇಕು, ಮುಂದೆ ಹೊಲ ಅವನದಾಗಬೇಕು. ಕದಿರೇಶ ತಾಯಲೂರಿನ ಬಡವರ ಮನೆಯ ಹುಡುಗ. ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ ಕಲಿತಿದ್ದವನು. ನಾಲ್ಕು ವರ್ಷ ಮಾವನ ಹೊಲ ಉತ್ತ. ಒಂದು ಹಬ್ಬದ ದಿನ ಪಂಕ್ತಿಯಲ್ಲಿ ಕೋದಂಡರಾಮಪ್ಪ, ದಾಯಾದಿಗಳೆದುರಿಗೆ, “ಉಟ್ಟ ಪಂಚೇಲಿ ಬಂದೋನು, ಈಗ ನೋಡಿ ಹೆಂಗೆ ಮೈ ತುಂಬ್ಕೊಂಡವ್ನೆ” ಎಂದು ನಕ್ಕ. ಕದಿರೇಶ ಅರ್ಧ ಊಟಕ್ಕೇ ಕೈ ತೊಳೆದ. ಮುಂದಿನ ತಿಂಗಳು ಮಲಯಾದ ಪಿನಾಂಗಿಗೆ ಹೋಗುವ ಹಡಗು ಹತ್ತಿದ್ದ. ರಬ್ಬರ್ ತೋಟದ ಆಸ್ಪತ್ರೆಯಲ್ಲಿ ಅವನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು.

“ಇನ್ನೊಂದು ತಕರಾರು,” ವೆಂಕಟರಮಣಯ್ಯ ಬೆರಳು ಇನ್ನೂ ಕೆಳಕ್ಕೆ ತಂದರು. “ಡೊಮಿಸೈಲ್. ಖಾಯಂ ವಾಸಸ್ಥಳ. ಹೆಂಡ್ತಿಗೆ ಬೇರೆ ಖಾಯಂ ಸ್ಥಳ ಅನ್ನೋದು ಕಾನೂನಲ್ಲಿಲ್ಲ. ಗಂಡನದ್ದು ಎಲ್ಲೋ, ಅವಳದ್ದೂ ಅಲ್ಲೇ. ನಿಮ್ಮಪ್ಪನೋರು ರಾಯಲ್ಪಾಡು ಅಂತ ಹಟ ಹಿಡಿದು ಬರೆಸಿದಾರೆ.”

“ಹುಟ್ಟಿದ ಮನೆ ಖಾಯಂ ಅಲ್ಲ ಅಂದ್ರೆ ಇನ್ನ್ಯಾವುದ್ರೀ ಖಾಯಂ?” ಕೋದಂಡರಾಮಪ್ಪ ಕಂಬ ಬಿಟ್ಟು ಬಂದ. “ಅವಳ ಹೆಸರಿಗೇ ಬಾವಿ ತೋಡ್ಸಿದೀನಿ.”

“ಬಾವಿ ತೋಡ್ಸಿ ಕೋದಂಡರಾಮಪ್ಪನೋರೆ, ಯಾರು ಬೇಡ ಅಂದ್ರು? ಕಾನೂನಿನ ಕಣ್ಣಿಗೆ ಇವಳು ನಿಮ್ಮನೇಲಿ ಸ್ವಲ್ಪ ದಿನ ಇರೋಕೆ ಬಂದಿರೋಳು, ಅಷ್ಟೆ. ಅಮಲ್ದಾರರು ನಾಳೆ ಹಳ್ಳಿಗಳ ಮೇಲೆ ಸರ್ಕೀಟು ಹೊರಡ್ತಾರೆ. ಹದಿನೈದು ದಿನ ಸಿಗಲ್ಲ. ಮಲಯಾದಿಂದ ನಿಮ್ಮ ಅಳಿಯ ಕಳಿಸಿರೋ ಪರ್ಮಿಟ್ಟಿನ ಪ್ರಕಾರ ಇವಳು ಡಿಸೆಂಬರ್ ಮುಗಿಯೋದ್ರೊಳಗೆ ಆ ನೆಲ ಮುಟ್ಟಬೇಕು. ಇವತ್ತು ಕಾರ್ತಿಕ ಹುಣ್ಣಿಮೆ ಕಳೆದು ಐದನೇ ದಿನ. ನೀವು ಇವತ್ತು ಒಳಗೆ ಹೋಗಿ ಹೊಸ ಹೇಳಿಕೆ ಕೊಟ್ರೆ ಉಂಟು, ಇಲ್ಲಾಂದ್ರೆ ಪರ್ಮಿಟ್ಟು ರದ್ದಾಗುತ್ತೆ. ಇನ್ನೊಂದು ಸಿಗೋದು ಯುದ್ಧ ಮುಗಿದ್ಮೇಲೆ.”

“ಬರೆದು ಕೊಟ್ರೆ ಇಲ್ಲಟಂ ಮುರೀತು ಅಂತ ನಾನೇ ರುಜು ಹಾಕ್ದಂಗಾಯ್ತು.”

“ಅದು ನಿಮಗೆ ಬಿಟ್ಟಿದ್ದು,” ಎಂದು ವೆಂಕಟರಮಣಯ್ಯ ಅಷ್ಟಕ್ಕೆ ಬಾಯಿ ಮುಚ್ಚಿದರು. ಇಪ್ಪತ್ತು ವರ್ಷದಲ್ಲಿ ಅವರು ಕಲಿತ ದೊಡ್ಡ ವಿದ್ಯೆ ಅದು.

ವೆಂಕಟರತ್ನಮ್ಮ ಎದ್ದು ಕಚೇರಿಯ ಹಿಂದಿನ ಹುಣಸೆಮರದ ಕಡೆ ನಡೆದಳು. ಅಪ್ಪ ಹಿಂದೆಯೇ ಬಂದ. ಅವಳಿಗೆ ಅಳು ಬರಲಿಲ್ಲ, ಕೆಂಡದಂಥ ಸಿಟ್ಟು ಬಂದಿತ್ತು. ಮೂರು ವರ್ಷ ಗಂಡ ಒಂದು ಕಾಸು ಕಳಿಸಲಿಲ್ಲವೆಂದು ಒಳಗೊಳಗೇ ಬೆಂದಿದ್ದಳು. ಅವನ ಕಾಗದಗಳಲ್ಲಿ ದುಡ್ಡಿನ ಸುದ್ದಿಯೇ ಇರುತ್ತಿರಲಿಲ್ಲ. ಹಿಂದಿರುಗಿ ಬಂದ ಹಣವನ್ನು ಹೆಂಡತಿಯೇ ತಿರಸ್ಕರಿಸಿದಳೆಂದುಕೊಂಡನೋ ಏನೋ. ಅಷ್ಟಾದರೂ ಅವನು ಪರ್ಮಿಟ್ಟು ಮಾಡಿಸಿ ಕಳಿಸಿದ್ದ.

“ನಾಯ್ನಾ, ಯಾಕೆ ಹಂಗೆ ಮಾಡ್ದೆ?” ಎಂದು ಅಪ್ಪನತ್ತ ತಿರುಗಿದಳು.

“ಅಳಿಯನ ದುಡ್ಡು ನಮ್ಮ ಹೊಸ್ತಿಲು ದಾಟಿದ್ರೆ ಜನ ಏನಂತಾರೆ? ಸಾಕೋಕೆ ತಂದೋನ ಕೈಯಲ್ಲೇ ಸಾಕಿಸ್ಕೊತಾವ್ನೆ ಅನ್ನಲ್ವಾ?”

“ಜನ ಅಂದ್ರೆ ಯಾರು? ದೊಡ್ಡಪ್ಪನ ಮಗ ದೊಡ್ಡಮುನಿಯಪ್ಪ ತಾನೆ?”

“ಅವನೇ ಕಣಮ್ಮಾಯಿ. ನೀನು ಗಂಡನ ಮನೆ ಸೇರಿದೆ ಅಂತ ನನ್ನ ಕೈಲೇ ಬರೆಸ್ಕೊಂಡ್ರೆ ಸಾಕು, ನಾಳೇನೇ ಕೋರ್ಟಿಗೆ ಹೋಗ್ತಾನೆ. ಇಲ್ಲಟಂ ಇಲ್ಲ, ಚಿಕ್ಕಪ್ಪನ ಹೊಲಕ್ಕೆ ನಾನೇ ವಾರಸುದಾರ ಅಂತಾನೆ. ಅವನಿಗೆ ಬಿಟ್ಟುಕೊಡೋಕಾ ನಾನು ಮೂವತ್ತು ವರ್ಷ ಮಣ್ಣು ಹೊತ್ತಿದ್ದು?”

“ಆ ಹೊಲದಲ್ಲಿ ನಾನೊಬ್ಳೇ ಕೂತ್ಕೊಂಡು ಏನ್ಮಾಡ್ಲಿ?”

ಕೋದಂಡರಾಮಪ್ಪ ಮರದ ಬುಡದ ಮಣ್ಣನ್ನು ಕಾಲಿನಿಂದ ಕೆದಕಿದ. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಈ ಮಗಳೂ ಹೋದರೆ ಮನೆಯಲ್ಲಿ ಉಳಿಯುವವನು ಅವನೊಬ್ಬ. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಹೊಲದ ಮಾತು ಆಡುವುದು ಅವನಿಗೆ ಸುಲಭವಾಗಿತ್ತು. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವಳ ಸಂಕಟ ಇಮ್ಮಡಿಯಾಯಿತು.

“ಒಳಗೆ ಹೋಗಿ ಮೊದಲು ಹೇಳಿದ್ದೇ ಸರಿ ಅಂತ ಹೇಳು,” ಎಂದಳು. “ನಾನು ಎದುರಾಡಲ್ಲ. ಮನೆಗೆ ಬರ್ತೀನಿ. ಎಮ್ಮೆ ಹಾಲು ಕರೀತೀನಿ, ಮುದ್ದೆ ತೊಳಸಿ ಹಾಕ್ತೀನಿ. ಆದ್ರೆ ನಿನ್ನ ಮುಖ ನೋಡೋದು ಮಾತ್ರ ನನ್ನ ಕೈಲಾಗಲ್ಲ ನಾಯ್ನಾ.”

ಅಷ್ಟರಲ್ಲಿ ಜವಾನ ಬಾಗಿಲಿಗೆ ಬಂದು ಕೋದಂಡರಾಮಪ್ಪನ ಹೆಸರು ಮೂರು ಸಲ ಕೂಗಿದ.

ಅಮಲ್ದಾರರು ಮೈಸೂರಿನ ಕಡೆಯ, ಇನ್ನೂ ಮೂವತ್ತೈದು ತುಂಬದ ಮನುಷ್ಯ. ಮೇಜಿನ ಮೇಲೆ ನಾಳೆಯ ಸರ್ಕೀಟಿನ ಕಡತಗಳನ್ನು ಕಟ್ಟಿ ಇಟ್ಟಿದ್ದರು. ವೆಂಕಟರಮಣಯ್ಯನವರನ್ನು ಹೊಸ್ತಿಲಲ್ಲೇ ನಿಲ್ಲಿಸಿ, “ನೀವು ಬಾಯಿ ಹಾಕಬಾರದು” ಎಂದರು. ಗುಮಾಸ್ತ ಲೇಖನಿ ಅದ್ದಿ ಕಾದ.

“ನೀವು ಒಮ್ಮೆ ಹೇಳಿಕೆ ಕೊಟ್ಟಿದ್ದೀರಿ. ಈಗ ಬೇರೆ ಹೇಳುವುದಾದರೆ ಮೊದಲನೆಯದನ್ನು ಯಾಕೆ ಹಾಗೆ ಹೇಳಿದಿರಿ ಅಂತ ತಿಳಿಸಬೇಕು.”

ಕೋದಂಡರಾಮಪ್ಪ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ವೆಂಕಟರತ್ನಮ್ಮ ಗೋಡೆಯ ಪಕ್ಕ ನಿಂತು ತನ್ನ ಬಳೆಗಳನ್ನು ಇನ್ನೊಂದು ಕೈಯಿಂದ ಅಮುಕಿ ಹಿಡಿದಿದ್ದಳು. ಹಾಳು ಮನುಷ್ಯ ಬಾಯಿ ಬಿಡುತ್ತಾನೋ ಇಲ್ಲವೋ ಎಂದು ಅಪ್ಪನನ್ನೇ ನೋಡುತ್ತಿದ್ದಳು.

“ಗರ್ವಕ್ಕೆ ಹೇಳ್ದೆ ಸ್ವಾಮಿ,” ಎಂದ ಕೋದಂಡರಾಮಪ್ಪ.

ಗುಮಾಸ್ತ ತಲೆಯೆತ್ತಿ ನೋಡಿದ. ಅದನ್ನು ಬರೆಯಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.

“ಈಕೆಯನ್ನು ಸಾಕುವವರು ಯಾರು?”

“ಇವಳ ಗಂಡ. ಕದಿರೇಶ.”

“ಹಣವನ್ನು ನೀವು ಹಿಂದಿರುಗಿಸಿದ್ದೀರಲ್ಲ?”

“ನಾನು ತಿರುಗಿಸ್ದೆ. ಅವನು ಕಳಿಸೋದು ಬಿಡ್ಲಿಲ್ಲ. ಹೋದ ತಿಂಗಳೂ ಬಂದಿತ್ತು. ಟಪಾಲು ಕಚೇರೀಲಿ ಬರೆದಿಟ್ಟಿರ್ತಾರೆ, ನೋಡ್ಕೊಳ್ಳಿ. ಇವಳಿಗೆ ಗೊತ್ತಿರ್ಲಿಲ್ಲ.”

ಅಮಲ್ದಾರರು ಗುಮಾಸ್ತನಿಗೆ ಅದನ್ನು ಹಾಗೆಯೇ ಬರೆದುಕೊಳ್ಳಲು ಹೇಳಿದರು. ಹಿಂದಿರುಗಿಸಿದ ಮನಿಯಾರ್ಡರೂ ಕಳಿಸಿದ ಮನಿಯಾರ್ಡರೇ ಎಂದು ತಮಗೆ ತಾವೇ ಅಂದುಕೊಂಡಂತೆ ಹೇಳಿದರು. ಹೊಸ್ತಿಲಲ್ಲಿ ವೆಂಕಟರಮಣಯ್ಯ ತಲೆಯಾಡಿಸಿದರು.

“ಖಾಯಂ ವಾಸಸ್ಥಳ?”

“ಗಂಡ ಎಲ್ಲಿರ್ತಾನೋ ಅಲ್ಲಿ.”

“ಒಂದು ಮಾತು ತಿಳಿದಿರಲಿ. ನಾಳೆ ಜಮೀನಿನ ವ್ಯಾಜ್ಯ ಬಂದರೆ ಈ ಹೇಳಿಕೆ ನಿಮಗೇ ಮುಳುವಾಗಬಹುದು.”

“ತಿಳಿದೈತೆ ಸ್ವಾಮಿ.”

“ಸರಿ. ಹುಟ್ಟಿದಾಗಿನಿಂದ ಈಕೆ ನಿಮ್ಮ ಮನೆಯಲ್ಲೇ ಇದ್ದಾಳೆ ಅಂತ ಶಾನುಭೋಗರ ವರದಿ ಇದೆ. ಖಾಯಂ ಸ್ಥಳ ಅದಲ್ಲ ಅಂದರೆ, ಅಲ್ಲಿ ಏನಾಗಿ ಇದ್ದಾಳೆ ಅಂತ ಬರೆಯಬೇಕು?”

ಇದಕ್ಕೆ ಯಾವ ಪದ ಹೇಳಬೇಕೆಂದು ವೆಂಕಟರಮಣಯ್ಯ ಹೇಳಿಕೊಟ್ಟಿರಲಿಲ್ಲ. ಅವರು ಬಾಯಿ ತೆರೆದು, ಅಮಲ್ದಾರರ ಮುಖ ನೋಡಿ ಮುಚ್ಚಿಕೊಂಡರು. ಕೋದಂಡರಾಮಪ್ಪ ಮಗಳ ಕಡೆ ತಿರುಗಿದ. ಅವಳನ್ನು ಎಂದೂ ನೋಡಿರದವನ ಹಾಗೆ, ಹಣೆಯಿಂದ ಕಾಲುಂಗುರದವರೆಗೆ ನೋಡಿದ.

“ನೆಂಟಳು,” ಎಂದ. ಗುಮಾಸ್ತನ ಕಡೆ ತಿರುಗಿ ಮತ್ತೆ ಹೇಳಿದ. “ನೆಂಟಳಾಗಿ ಬಂದವ್ಳೆ ಸ್ವಾಮಿ. ನಾಲ್ಕು ದಿನ ಇದ್ದು ಹೋಗೋಕೆ.”

ಗುಮಾಸ್ತನ ಲೇಖನಿ ಕರಕರ ಎಂದು ಓಡಿತು. ಕೋದಂಡರಾಮಪ್ಪ ಓದಿಸಿಕೊಳ್ಳದೆ ಸಹಿ ಹಾಕಿದ. ಅಮಲ್ದಾರರು ಮೊಹರು ಒತ್ತಿಸಿ, ಅವತ್ತಿನ ಟಪಾಲಿನಲ್ಲೇ ಕೋಲಾರಕ್ಕೆ ಕಳಿಸುವಂತೆ ಹೇಳಿದರು. ಟಪಾಲಿನ ಚೀಲಕ್ಕೆ ಕಾಗದ ಬೀಳುವುದನ್ನು ವೆಂಕಟರತ್ನಮ್ಮ ಕಣ್ಣಾರೆ ನೋಡಿದಳು. ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ನೆಂಟಳು ಎಂದು ಅಪ್ಪ ಆಡಿದ ಮಾತು ಅವಳ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿದುಬಿಟ್ಟಿತು.

ಇಬ್ಬರೂ ಊರಿನ ಮೇಲೆ ಹೋಗುವ ಮದನಪಲ್ಲಿಯ ಬಸ್ಸು ಹತ್ತಿದರು. ರಾಯಲ್ಪಾಡಿನಲ್ಲಿ ಇಳಿದಾಗ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು. ಕೊಟ್ಟಿಗೆಯಲ್ಲಿ ಎಮ್ಮೆ ಕೂಗುತ್ತಿತ್ತು. ವೆಂಕಟರತ್ನಮ್ಮ ದಿನದ ಅಭ್ಯಾಸದಂತೆ ಸೆರಗು ಸಿಕ್ಕಿಸಿಕೊಂಡು ಹಿತ್ತಲ ಬಾಗಿಲಿನ ಕಡೆ ಹೊರಟಳು.

“ಆ ಕಡೆ ಬ್ಯಾಡ,” ಎಂದ ಕೋದಂಡರಾಮಪ್ಪ. “ಮುಂದ್ಲಿಂದ ಬಾ.”

“ಎಮ್ಮೆ ಕೂಗ್ತೈತೆ ನಾಯ್ನಾ.”

“ನಾನು ನೋಡ್ಕೊತೀನಿ. ನೀನು ಅಲ್ಲೇ ನಿಂತ್ಕೊ.”

ಅವನು ಬೀಗ ತೆಗೆದು ಒಳಗೆ ಹೋದ. ಕತ್ತಲ ಮನೆಯಲ್ಲಿ ಎಲ್ಲಿ ಏನಿದೆಯೆಂದು ತಿಳಿಯದೆ ತಡಕಾಡುವುದು ಕೇಳಿಸಿತು. ಏನೋ ಉರುಳಿ ಬಿತ್ತು. ಹಂಡೆಗೆ ಪಾತ್ರೆ ತಗುಲಿದ ಸದ್ದಾಯಿತು. ಸ್ವಲ್ಪ ಹೊತ್ತಾದ ಮೇಲೆ, ಅಂಚಿನವರೆಗೆ ನೀರು ತುಂಬಿದ ತಾಮ್ರದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದ.

“ಕಾಲು ತೊಳ್ಕೊಳಮ್ಮ,” ಎಂದ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಂಗಳದಲ್ಲೇ ನಿಂತಳು. ಕೋದಂಡರಾಮಪ್ಪ ಮೆಟ್ಟಿಲ ಮೇಲೆ ಚೊಂಬು ಹಿಡಿದುಕೊಂಡೇ ಇದ್ದ. ನೀರು ಅಂಚು ದಾಟಿ ಅವನ ಬೆರಳುಗಳ ಮೇಲೆ ಇಳಿಯುತ್ತಿತ್ತು.