ಮಿಲ್ಲಿನ ದಿಡ್ಡಿ ಬಾಗಿಲು

"ಅನ್ನ ಹಾಕಿದ ಧಣಿ ಅಂತ ಹೇಳಬೇ! ಬಾಯಾಗೇನು ಹತ್ತಿ ತುರುಕ್ಕೊಂಡೀಯೇನು?"

ಗುರುಬಸವ ಧಣಿ ಗದರಿದಾಗ ಜಂಬಮ್ಮ ಕ್ಯಾಮೆರಾದ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡಳು. ಲಿಂಗಸುಗೂರಿನ ಹಳೇ ಹತ್ತಿ ಮಿಲ್ಲಿಗೆ ನೂರು ವರ್ಷ. ಮಿಷನ್ನುಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದ್ದರೂ ಮನೆತನದ ಹೆಸರು ಸಿನಿಮಾದಲ್ಲಿ ಉಳಿಯಬೇಕೆಂದು ಧಣಿಗೆ ಈಗ ಹುರುಪು ಬಂದಿತ್ತು. ಅದಕ್ಕೊಬ್ಬಳು ಕೂಲಿಯವಳು ಬೇಕಲ್ಲ. ಹರೆಯ, ಬೆನ್ನು, ಉಸಿರು ಎಲ್ಲವನ್ನೂ ಇಲ್ಲೇ ಸವೆಸಿಯೂ ಸಾಯದೆ ಉಳಿದ ಜಂಬಮ್ಮ ಸಿಕ್ಕಳು.

"ಅನ್ನ ಹಾಕ್ಯಾರ್ರೀ," ಎಂದಳು.

ಎದುರಿಗೆ ಮೊಮ್ಮಗಳು ಭಾಗ್ಯಶ್ರೀ ನಿಂತಿದ್ದಳು. ಮಸ್ಕಿಯಲ್ಲಿ ಟೀಚರು. "ನಮ್ಮಜ್ಜಿ ಮಿಲ್ಲಿನಾಗ ದುಡದಾಕಿ" ಎಂದು ಎದೆಯುಬ್ಬಿಸಿ ಹೇಳಿಕೊಳ್ಳುವ ಹುಡುಗಿ. ಉಳಿದದ್ದು ಇವಳ ಕಿವಿಗೆ ಬೀಳಬಾರದೆಂದು ಮುದುಕಿ ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದಳು.

ಚಿತ್ರೀಕರಣ ಮುಗಿದು ಎಲ್ಲರೂ ಹೊರಟರು. ದೊಡ್ಡ ಗೇಟಿನ ಪಕ್ಕದ ದಿಡ್ಡಿ ಬಾಗಿಲು ಬಂದದ್ದೇ ತಡ, ಜಂಬಮ್ಮನ ಕಾಲುಗಳು ತಾವಾಗಿಯೇ ನಿಂತವು. ಕೈಗಳು ಸೆರಗು ಬಿಚ್ಚಿ ಝಾಡಿಸಿದವು. ಕುಪ್ಪಸದ ಗಂಟು ಸಡಿಲಿಸಿ, ಉಡಿ ಕೊಡವಿ, ಎರಡೂ ಕೈ ಮೇಲೆತ್ತಿ ಕಣ್ಣು ಮುಚ್ಚಿದಳು. ಹಿಡಿ ಹತ್ತಿ ಕದ್ದಿಲ್ಲವೆಂದು ತೋರಿಸಲು ದಿನಾ ಸಂಜೆ ಹೆಂಗಸರೆಲ್ಲ ಹೀಗೇ ನಿಲ್ಲಬೇಕಿತ್ತು. ವಾಚ್‌ಮನ್ನನ ಕೈ ಮೈಮೇಲೆಲ್ಲ ಹರಿದಾಡಿದ ಮೇಲೆಯೇ ಮನೆಗೆ ಬಿಡುಗಡೆ. ಗುರುಬಸವನ ಅಪ್ಪ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು, ಎಲೆಯಡಿಕೆ ಜಗಿಯುತ್ತ ನೋಡುತ್ತಿದ್ದ.

ಕಣ್ಣು ತೆರೆದರೆ ಭಾಗ್ಯಶ್ರೀ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು. ಮುದುಕಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತಡಕಾಡಿದರೂ ಸೆರಗು ಕೈಗೆ ಸಿಗಲಿಲ್ಲ.

ಗುರುಬಸವ ಕಿಸಕ್ಕನೆ ನಕ್ಕು ಕ್ಯಾಮೆರಾದ ಹುಡುಗನ ಕಡೆ ತಿರುಗಿದ. "ಏ, ಭಾಳ ಚಲೋ ಐತಲೇ ಇದು! ಕ್ಯಾಮೆರಾ ಹಚ್ಚಲೇ. ಮುದುಕೀ, ಇನ್ನೊಮ್ಮಿ ಮಾಡು."

"ಅಜ್ಜೀ, ಬಾ ಹೋಗೂನು." ಸೆರಗು ಹೊದಿಸುತ್ತಿದ್ದ ಭಾಗ್ಯಶ್ರೀಯ ದನಿ ಒಡೆದಿತ್ತು.

ಜಂಬಮ್ಮ ಮೊಮ್ಮಗಳನ್ನು ಹೊರಗೆ ದಾಟಿಸಿದಳು. ತಾನು ದಾಟಲಿಲ್ಲ. ವಾಚ್‌ಮನ್ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಬಾಗಿಲಿಗೆ ಕೈ ಅಡ್ಡ ಇಟ್ಟಳು.

"ನಂದು ಮುಗದೈತ್ರೀ ಧಣಿ. ಈಗ ನಿಮ್ಮ ಪಾಳಿ. ಅಂಗಿ ಬಿಚ್ಚಿ ಝಾಡಸ್ರಿ."

"ತಲಿಗಿಲಿ ಕೆಟ್ಟೈತೇನಬೇ ರಂಡೇ? ಸರಿ ಅತ್ತಾಗ!"

"ಝಾಡಸದ ಯಾರೂ ಹೊರಗ ಹೋಗಂಗಿಲ್ಲ. ನಿಮ್ಮಪ್ಪಾರು ಮಾಡಿದ ಕಾಯಿದೆ. ಕೈ ಎತ್ರಿ."

ಧಣಿಯ ಮಾತಿಗೆ ಹುಡುಗ ಹಚ್ಚಿದ್ದ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು, ಅವನು ಆರಿಸಲಿಲ್ಲ. ಜಂಬಮ್ಮನ ಮುಖ ನಾಚಿಕೆಗೆ ಇನ್ನೂ ಸುಡುತ್ತಿತ್ತು. ಅಡ್ಡ ಇಟ್ಟ ಕೈ ಮಾತ್ರ ಇಳಿಯಲಿಲ್ಲ. ಗುರುಬಸವ ಅಂಗಿಯ ಕಾಲರನ್ನು ಬಿಗಿಯಾಗಿ ಹಿಡಿದುಕೊಂಡು ಗೇಟಿನ ಒಳಗೇ ನಿಂತಿದ್ದ.