ಸೂರಿಗೆ ಹೋಗದ ಹಾಲುಹಲ್ಲು

ನಾನು ಒಂದು ಹಾಲುಹಲ್ಲು. ಹಲ್ಲಿಗೆ ಹೊಟ್ಟೆಯಿಲ್ಲ ನಿಜ, ಆದರೆ ಹೊಟ್ಟೆಕಿಚ್ಚಿಗೆ ಹೊಟ್ಟೆಯೇ ಬೇಕೆಂದೇನೂ ಇಲ್ಲ. ನನ್ನ ಹತ್ತಿರ ಅದು ಬೇಕಾದಷ್ಟಿತ್ತು. ಇಪ್ಪತ್ಮೂರು ವರ್ಷ ಒಂದೇ ಬಾಯಲ್ಲಿ ಕೂತು ಅಕ್ಕಪಕ್ಕದವರನ್ನೆಲ್ಲ ನೋಡಿ ಕರುಬಿದವನು ನಾನು. ಈಗ ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ.

ನಾನು ಹುಟ್ಟಿದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಪಲ್ಲವಿ ಎಂಬ ಹತ್ತು ತಿಂಗಳ ಕೂಸಿನ ಬಾಯಲ್ಲಿ. ಮೇಲಿನ ಸಾಲು, ಎಡಗಡೆ, ನಡುಹಲ್ಲಿನ ಪಕ್ಕದ ಜಾಗ ನನ್ನದು. ಮೊದಲ ಹಲ್ಲು ಕಂಡ ದಿನ ಪಲ್ಲವಿಯ ಅಜ್ಜಿ ಗಂಗಮ್ಮನವರು ಸಾಲುಮನೆಗಳಿಗೆಲ್ಲ ಸಕ್ಕರೆ ಹಂಚಿದ್ದರಂತೆ. ನಾನು ಬರುವ ಹೊತ್ತಿಗೆ ಆ ಸಂಭ್ರಮ ಮುಗಿದಿತ್ತು. ನಾನು ಮೊಳೆತ ದಿನ ಕೂಸು ಅಜ್ಜಿಯ ಬೆರಳು ಕಚ್ಚಿತು, ಅಜ್ಜಿ "ಅಯ್ಯಯ್ಯೋ ನಿನ್ನ!" ಅಂದರು. ನನಗೆ ಸಿಕ್ಕ ಸ್ವಾಗತ ಅಷ್ಟೆ. ಅದೇ ವಾರ ಬಲಗಡೆ ನನ್ನ ಜೋಡಿಯೂ ಬಂದ. ನೋಡಲು ನನ್ನಂತೆಯೇ ಇದ್ದ.

ನನಗೆ ಲೋಕ ಕಾಣುವುದು ಪಲ್ಲವಿ ಬಾಯಿ ತೆರೆದಾಗ ಮಾತ್ರ. ಅವಳು ನಕ್ಕರೆ ನನಗೆ ಹಗಲು, ಮುಚ್ಚಿದರೆ ಕತ್ತಲೆ. ಆಗೆಲ್ಲ ಅವಳು ಸದಾ ನಗುತ್ತಿದ್ದಳು. ಹಾಗಾಗಿ ಕ್ವಾರ್ಟರ್ಸಿನ ಅಂಗಳ, ಬೇವಿನ ಮರ, ರೈಲಿನ ಹೊಗೆ ಹಿಡಿದು ಕಪ್ಪಾಗಿದ್ದ ಹೆಂಚಿನ ಸೂರು ಎಲ್ಲ ನನಗೆ ಚೆನ್ನಾಗಿ ಗೊತ್ತು.

ಆ ಸೂರಿನ ಮೇಲೆಯೇ ನನಗೆ ಆಸೆ ಹುಟ್ಟಿದ್ದು. ಆರು ವರ್ಷಕ್ಕೆ ಪಲ್ಲವಿಯ ಮೊದಲ ಹಲ್ಲು ಬಿತ್ತು. ಅಜ್ಜಿ ಅದನ್ನು ಹಸಿ ಸಗಣಿಯೊಳಗೆ ಒತ್ತಿ ಉಂಡೆ ಕಟ್ಟಿದರು. ಮಗುವನ್ನು ಅಂಗಳದಲ್ಲಿ ನಿಲ್ಲಿಸಿ, "ಹಳೇ ಹಲ್ಲು ತಗೋ, ಹೊಸ ಹಲ್ಲು ಕೊಡು ಅಂತ ಹೇಳಿ ಬೀಸಾಕು ಮಗಾ. ಕಾಗೆ ಕಣ್ಣಿಗೆ ಮಾತ್ರ ಬೀಳಬಾರ್ದು. ಬಿತ್ತೋ, ಹೊಸ ಹಲ್ಲು ಬರಾಕಿಲ್ಲ" ಅಂದರು. ಉಂಡೆ ಹೆಂಚಿನ ಮೇಲೆ ಪಟ್ಟನೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹಲ್ಲಿನ ಜಾಗದಲ್ಲಿ ಆಮೇಲೆ ಗಟ್ಟಿಮುಟ್ಟಾದ ದೊಡ್ಡ ಹಲ್ಲು ಬಂತು. ಹಾಲುಹಲ್ಲಾಗಿ ಹುಟ್ಟಿದ ಮೇಲೆ ಸಾಯುವುದಾದರೆ ಹೀಗೆ ಸಾಯಬೇಕು ಅಂದುಕೊಂಡೆ. ಒಬ್ಬೊಬ್ಬರಾಗಿ ಸೂರಿಗೆ ಹೋಗುತ್ತಿದ್ದರೆ ನನ್ನ ಮೈ ಉರಿಯುತ್ತಿತ್ತು.

ಏಳೂವರೆ ವರ್ಷಕ್ಕೆ ನನ್ನ ಜೋಡಿ ಅಲುಗಾಡತೊಡಗಿದ. ನಾನು ಮಾತ್ರ ಕಲ್ಲಿನಂತೆ ಗಟ್ಟಿ! ಅಜ್ಜಿ ಅವನಿಗೆ ಹೊಲಿಗೆ ದಾರ ಕಟ್ಟಿ, "ಅಗೋ ಅಲ್ನೋಡು, ಗೂಡ್ಸ್ ಗಾಡಿ!" ಅಂದು ಪಲ್ಲವಿ ಅತ್ತ ತಿರುಗುತ್ತಲೇ ಎಳೆದುಬಿಟ್ಟರು. ಉಂಡೆ ಕಟ್ಟಿದ್ದೂ ಆಯಿತು, ಎಸೆದದ್ದೂ ಆಯಿತು. ಆದರೆ ಅವತ್ತು ಸಗಣಿ ನೀರಾಗಿತ್ತು. ಉಂಡೆ ಗಾಳಿಯಲ್ಲೇ ಒಡೆದು ಹಲ್ಲು ಬೇರೆ, ಸಗಣಿ ಬೇರೆ ಆಯಿತು. ನನ್ನ ಜೋಡಿ ಬೆಳ್ಳಗೆ ಹೊಳೆಯುತ್ತ ಹೆಂಚಿನ ಮೇಲೆ ಬಿದ್ದ. ಬೇವಿನ ಮರದಿಂದ ಒಂದು ಕಾಗೆ ಇಳಿದು ಬಂದು ಅವನನ್ನು ನೋಡಿತು. ಸಾಲದ್ದಕ್ಕೆ ಒಂದು ಸಲ ಕುಕ್ಕಿಯೂ ನೋಡಿತು. "ಹುಶ್! ಹಾಳಾದ್ದೇ!" ಎಂದು ಅಜ್ಜಿ ಎದೆ ಹಿಡಿದುಕೊಂಡರು. ನನಗೋ, ಸೂರಿನ ಜೊತೆಗೆ ಇವನಿಗೆ ಕಾಗೆಯ ಉಪಚಾರ ಬೇರೆ ಸಿಕ್ಕಿತಲ್ಲ ಎಂದು ಹೊಟ್ಟೆ ಉರಿಯಿತು.

ಆಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಆರು ತಿಂಗಳಾಯಿತು, ವರ್ಷ ಕಳೆಯಿತು. ಉಳಿದ ಕಡೆಯೆಲ್ಲ ದೊಡ್ಡ ಹಲ್ಲುಗಳು ದರ್ಬಾರು ಮಾಡುತ್ತ ಇಳಿದವು. ಬಲಗಡೆ ಮಾತ್ರ ಕಿಂಡಿ. ಶಾಲೆಯಲ್ಲಿ ಮಕ್ಕಳು ಹಾಡು ಕಟ್ಟಿದರು: "ಪಲ್ಲವೀ, ಪಲ್ಲವೀ, ಹಲ್ಲೆಲ್ಲವ್ವೀ?" ಪಲ್ಲವಿ ನಗುವಾಗ ಕೈ ಅಡ್ಡ ಇಡತೊಡಗಿದಳು. ಬರುಬರುತ್ತ ನಗುವುದನ್ನೇ ಬಿಟ್ಟಳು. ನನ್ನ ಹಗಲು ಹೋಯಿತು.

ಅವಳಿಗೆ ಸಿಟ್ಟು ಬಂದದ್ದು ಅಜ್ಜಿಯ ಮೇಲೆ. "ನೀನೇ ಸಗಣಿ ನೀರು ಮಾಡಿದ್ದು. ನಿನ್ನಿಂದಲೇ ಕಾಗೆ ನೋಡಿದ್ದು" ಎಂದು ಒಂದು ದಿನ ಕಿರುಚಿದಳು. ಅಜ್ಜಿಯೂ ಹಾಗೇ ನಂಬಿದ್ದರು. ಅವತ್ತಿನಿಂದ ಪ್ರತಿ ಬೆಳಿಗ್ಗೆ ಕಾಂಪೌಂಡಿನ ಮೇಲೆ ಒಂದು ತುತ್ತು ಅನ್ನ ಇಟ್ಟು, "ನೋಡಿದ್ದನ್ನ ಮರ್ತುಬಿಡಪ್ಪ" ಎಂದು ಕಾಗೆಗೆ ಕೈ ಮುಗಿಯುತ್ತಿದ್ದರು. ಕಾಗೆ ತಿಂದು ಹಾರುತ್ತಿತ್ತು. ಮರೆಯಿತೋ ಇಲ್ಲವೋ, ಹಲ್ಲಂತೂ ಬರಲಿಲ್ಲ.

ಕೊನೆಗೆ ಅಜ್ಜಿಗೆ ಒಂದು ಯೋಚನೆ ಬಂತು. ಜೋಡಿಯಲ್ಲಿ ಇನ್ನೊಂದು ಇನ್ನೂ ಇಲ್ಲೇ ಕೂತಿದೆ, ಇದು ಹೋಗದೆ ಬಲಗಡೆ ಹೊಸದು ಬರುವುದಿಲ್ಲ ಎಂದು ಲೆಕ್ಕ ಹಾಕಿ ನನಗೇ ದಾರ ಕಟ್ಟಿದರು! ಅಂತೂ ನನ್ನ ಸರದಿ ಬಂತು ಎಂದು ಹಿಗ್ಗಿ ಹೀರೇಕಾಯಿಯಾದೆ. ಗಟ್ಟಿ ಸಗಣಿಯ ಉಂಡೆ ಆಗಲೇ ತಯಾರಿತ್ತು. ಆದರೆ ಪಲ್ಲವಿ ಕಚಕ್ಕನೆ ಬಾಯಿ ಮುಚ್ಚಿದಳು, ಅಜ್ಜಿಯ ಬೆರಳು ಸಿಕ್ಕಿಕೊಂಡಿತು. ಅಜ್ಜಿ ಕೂಗಿಕೊಂಡರು. "ಅದೊಂದು ಕಳೆದದ್ದು ಸಾಲ್ದಾ? ಇದನ್ನೂ ಕಳೀಬೇಕಾ?" ಎಂದು ಪಲ್ಲವಿ ದಾರ ಹರಿದು ಓಡಿದಳು. ಮುಂದೆ ಐದು ತಿಂಗಳು ಅಜ್ಜಿಯ ಜೊತೆ ಮಾತಾಡಲಿಲ್ಲ. ನಾನೂ ಅವಳ ಮೇಲೆ ಹಲ್ಲು ಮಸೆದೆ.

ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಅಪ್ಪ ರುದ್ರಪ್ಪನವರಿಗೆ ಮನೆಯ ಈ ಮೌನ ತಡೆಯಲಾಗಲಿಲ್ಲ. ಒಂದು ದಿನ ರಜೆ ಹಾಕಿ, ತಮ್ಮ ತಾಯಿ ಗಂಗಮ್ಮನವರನ್ನೂ ಮಗಳನ್ನೂ ರೈಲು ಹತ್ತಿಸಿ ಹಾಸನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಡಾಕ್ಟರ್ ನಫೀಸಾ ಎಂಬ ಹಲ್ಲಿನ ವೈದ್ಯೆ ಇಡೀ ಬಾಯಿಯ ಎಕ್ಸ್‌ರೇ ತೆಗೆಸಿ, ಫಿಲ್ಮನ್ನು ಬೆಳಕಿಗೆ ಹಿಡಿದರು.

"ಅಜ್ಜಿ, ಹಾಲುಹಲ್ಲು ಬೀಳೋ ಮುಂಚೆನೇ ದೊಡ್ಡ ಹಲ್ಲಿನ ಮೊಳಕೆ ವಸಡಿನೊಳಗೆ ಇರುತ್ತೆ. ನೋಡಿ, ಇಲ್ಲೆಲ್ಲ ಇದೆ. ಬಲಗಡೆ ಈ ಜಾಗದಲ್ಲಿ ಇಲ್ಲ. ಎಡಗಡೆನೂ ಇಲ್ಲ. ಹುಟ್ಟುವಾಗಲೇ ಇರಲಿಲ್ಲ."

ಅಜ್ಜಿ ಫಿಲ್ಮಿನ ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಹಂಗಾರೆ ಕಾಗೆ ನೋಡಿದ್ದಕ್ಕಲ್ವಾ ತಾಯಿ?"

"ಕಾಗೆ ಏನು ಮಾಡುತ್ತೆ ಅಜ್ಜಿ? ಬೀಜವೇ ಇರಲಿಲ್ಲವಲ್ಲ. ಇದು ಮನೆತನದಲ್ಲೂ ಬರುತ್ತೆ. ನಿಮ್ಮಲ್ಲಿ ಯಾರಿಗಾದ್ರೂ ಹೀಗಿತ್ತಾ?"

 ಅಪ್ಪ ನಾಚುತ್ತ ತಮ್ಮ ಪೊದೆಮೀಸೆಯನ್ನು ಎರಡು ಬೆರಳಲ್ಲಿ ಮೇಲೆತ್ತಿದರು. ಬಲಗಡೆ, ಅದೇ ಜಾಗದಲ್ಲಿ, ಕಿಂಡಿ!

"ಗೋಲಿ ಆಡ್ತಾ ಬಿದ್ದು ಮುರ್ಕೊಂಡೆ ಅಂದಿದ್ದೆಯಲ್ಲೋ!" ಎಂದರು ಅಜ್ಜಿ.

"ಬರ್ಲೇ ಇಲ್ಲ ಅಂದಿದ್ರೆ ನೀನು ನಂಗೂ ಕಾಗೆ ಕತೆ ಹೇಳ್ತಿದ್ದೆ ಕಣವ್ವ. ಅದಕ್ಕೇ ಮೀಸೆ ಬಿಟ್ಟೆ."

ಪಲ್ಲವಿ ಅಪ್ಪನ ಮೀಸೆ ನೋಡಿದಳು, ಅಜ್ಜಿಯ ಮುಖ ನೋಡಿದಳು. "ಅಜ್ಜೀ" ಅಂದಳು, ಅಷ್ಟೆ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವಳ ತಲೆ ಸವರಿದರು. ಆ ಹೊತ್ತಿನಲ್ಲಿ ನನ್ನ ಸಂಕಟ ಯಾರಿಗೆ ಬೇಕು? ನನ್ನ ಹಿಂದೆ ಯಾರೂ ಇಲ್ಲ ಎಂದು ನನಗೂ ಅವತ್ತೇ ಗೊತ್ತಾದದ್ದು. ಒಬ್ಬೊಬ್ಬ ಹಾಲುಹಲ್ಲಿನ ಬೇರನ್ನೂ ಕರಗಿಸಿ, "ಏಳು, ಜಾಗ ಬಿಡು" ಎನ್ನಲು ಒಬ್ಬೊಬ್ಬ ವಾರಸುದಾರ ಇದ್ದ. ನನ್ನನ್ನು ಎಬ್ಬಿಸಲು ಯಾರೂ ಹುಟ್ಟಿರಲಿಲ್ಲ. ನನ್ನ ಜೋಡಿಗೂ ಯಾರೂ ಇರಲಿಲ್ಲ, ಆದರೆ ಅವನು ಅದನ್ನು ತಿಳಿಯದೆ ಮೆರವಣಿಗೆ ಮಾಡಿಸಿಕೊಂಡು ಹೋದ.

"ಈ ಎಡಗಡೆ ಹಾಲುಹಲ್ಲನ್ನ ಯಾರೂ ಮುಟ್ಟಬೇಡಿ. ಇದಿರೋವರೆಗೂ ಇಲ್ಲಿ ಮೂಳೆ ಸವೆಯಲ್ಲ" ಎಂದರು ಡಾಕ್ಟರ್. ಹಲ್ಲನ್ನು ಉಳಿಸಿಕೊಂಡ ಪಲ್ಲವಿಗೆ ಭೇಷ್ ಅಂದರು. ಬಲಗಡೆಗೆ ಈಗಲೇ ಒಂದು ಕೂರಿಸಿಬಿಡಿ ಎಂದು ಅಪ್ಪ ಕೇಳಿದ್ದಕ್ಕೆ ತಲೆಯಾಡಿಸಿದರು. "ದವಡೆ ಇನ್ನೂ ಬೆಳೀತಿದೆ. ಈಗ ಮೂಳೆಗೆ ತಿರುಪು ಹಾಕಿ ಹಲ್ಲು ಕೂರಿಸಿದ್ರೆ ಮಿಕ್ಕವೆಲ್ಲ ಕೆಳಗಿಳಿದು ಅದೊಂದೇ ಮೇಲುಳಿಯುತ್ತೆ. ಹದಿನೆಂಟು ದಾಟಲಿ, ಬೆಳವಣಿಗೆ ನಿಂತಿದೆಯಾ ನೋಡಿ ಮಾಡೋಣ. ಕೆಲವರಿಗೆ ಕ್ಲಿಪ್ಪು ಹಾಕಿ ಕೋರೆಹಲ್ಲನ್ನೇ ಆ ಜಾಗಕ್ಕೆ ಎಳ್ಕೊಂಡು ಬರ್ತೀವಿ, ಕೆಲವರಿಗೆ ಪಕ್ಕದ ಹಲ್ಲಿಗೆ ಅಂಟಿಸಿ ಒಂದು ಹಲ್ಲು ನಿಲ್ಲಿಸ್ತೀವಿ. ಅದು ಆಮೇಲಿನ ಮಾತು. ಸದ್ಯಕ್ಕೆ ಹಾಕಿ ತೆಗೆಯೋ ಪ್ಲೇಟು ಸಾಕು."

ಅದೇ ತಿಂಗಳು ಬೊಚ್ಚುಬಾಯಿಯ ಅಜ್ಜಿಗೂ ಹಲ್ಲಿನ ಸೆಟ್ಟು ಬಂತು. "ಅಜ್ಜಿಗೆ ಒಂದೇ ಸಲಕ್ಕೆ ಅಷ್ಟೂ ಹಲ್ಲು, ನಂಗೆ ಒಂದಕ್ಕೆ ಹತ್ತು ವರ್ಷ!" ಎಂದು ಪಲ್ಲವಿ ಮುಖ ಊದಿಸಿಕೊಂಡಳು. "ನಿಂದು ಬೆಳೆಯೋ ದವಡೆ ಕಣವ್ವ, ನಂದು ಸವೆಯೋ ದವಡೆ. ಎರಡೂ ಒಂದೇನಾ?" ಎಂದು ಅಜ್ಜಿ ಸೆಟ್ಟು ಕಟಕಟಿಸಿದರು. ಇಬ್ಬರೂ ನಕ್ಕರು. ಎರಡು ವರ್ಷದ ಮೇಲೆ ನನಗೆ ನಗುವಿನ ಬೆಳಕು ಕಂಡದ್ದು ಅವತ್ತೇ.

ಆದರೆ ಪ್ಲೇಟಿನವನ ವೈಭವ ನೋಡಿ ನನಗೆ ತಡೆಯಲಾಗಲಿಲ್ಲ. ಗುಲಾಬಿ ಬಣ್ಣದ ಪೀಠ, ಅದರ ಮೇಲೆ ಒಂದೇ ಒಂದು ಹಲ್ಲು. ಅವನಿಗೆ ಪ್ರತ್ಯೇಕ ಬ್ರಷ್ಷು, ನೀರು ತುಂಬಿದ ಬಟ್ಟಲು. ಪಲ್ಲವಿ ಬೆಳೆದಂತೆ ಬೆಳೆದಂತೆ ಅವನನ್ನು ಬದಲಾಯಿಸಿದರು, ಹೊಸಬನಿಗೆ ಹೊಸ ಬಟ್ಟಲು. ಹದಿಮೂರಕ್ಕೆ ಕ್ಲಿಪ್ಪು ಬಂತು. ವಾಲಿದ್ದ ಹಲ್ಲುಗಳಿಗೆಲ್ಲ ತಂತಿಯ ಒಡವೆ. ಹಾಲುಹಲ್ಲು, ಅಲುಗಾಡಿಸಬಾರದು ಎಂದು ನನಗೆ ಅದನ್ನೂ ಹಾಕಲಿಲ್ಲ. ಕ್ಲಿಪ್ಪು ತೆಗೆದ ಮೇಲೆ ನನ್ನ ಚಿಕ್ಕ ಮೈಗೆ ಬಿಳಿ ಸಿಮೆಂಟು ಮೆತ್ತಿ ದೊಡ್ಡ ಹಲ್ಲಿನ ವೇಷ ಹಾಕಿದರು. ಒಂದು ವಾರ ಬೀಗಿದೆ. ಆಮೇಲೆ ಪಕ್ಕದವನನ್ನು ನೋಡಿ, ಇವನದು ಸ್ವಂತ ಮೈ, ನನ್ನದು ಬಾಡಿಗೆ ಅಂಗಿ ಎಂದು ಮತ್ತೆ ಕೊರಗಿದೆ.

ಹತ್ತೊಂಬತ್ತಕ್ಕೆ ಬಲಗಡೆ ತಿರುಪು ಕೂತಿತು, ಕೆಲವು ತಿಂಗಳ ಮೇಲೆ ಅದರ ತಲೆಗೆ ಹಲ್ಲು ಬಂತು. ಮೊದಲ ದಿನವೇ ಪಲ್ಲವಿ ಕನ್ನಡಿಯ ಮುಂದೆ ಒಂದು ಗಂಟೆ ತುಟಿ ಎತ್ತಿ ಹಿಡಿದು ನಿಂತಳು. ಕಣ್ಣೆಲ್ಲ ಬಲಗಡೆಗೆ. ಹದಿನೆಂಟು ವರ್ಷದಿಂದ ಕಡಿದು ಕಡಿದು ಉಣ್ಣಿಸಿದವನು ಎಡಗಡೆ ಇದ್ದೇನೆ ಎಂಬ ನೆನಪಾದರೂ ಬೇಡವೆ?

ನೆನಪಿತ್ತೆಂದು ನನಗೆ ಗೊತ್ತಾದದ್ದು ತಡವಾಗಿ. ಪಲ್ಲವಿ ಬಾಣಾವರದಲ್ಲಿ ಶಾಲೆಯ ಟೀಚರಾದಳು. ಎರಡನೇ ತರಗತಿಯ ಮಕ್ಕಳು ಬಿದ್ದ ಹಲ್ಲನ್ನು ಕಾಗದದಲ್ಲಿ ಸುತ್ತಿ ತಂದು ತೋರಿಸುತ್ತಿದ್ದರು. ಕಿಂಡಿ ಬಿಟ್ಟವರನ್ನು ಯಾರಾದರೂ ಆಡಿಕೊಂಡರೆ ಅವಳು ನನ್ನನ್ನು ಬೆರಳಿಂದ ತಟ್ಟಿ, "ಇದು ನನ್ನ ಹಾಲುಹಲ್ಲು. ನನಗಿನ್ನೂ ಇದೆ, ನಿಮಗಿದೆಯಾ?" ಎನ್ನುತ್ತಿದ್ದಳು. ಆಗ ಮಕ್ಕಳು ಹೊಟ್ಟೆಕಿಚ್ಚಿನಿಂದ ನನ್ನನ್ನು ನೋಡುತ್ತಿದ್ದರು. ನನ್ನನ್ನು! ಅಂಥ ರುಚಿ ನಾನು ಯಾವ ಹೋಳಿಗೆಯಲ್ಲೂ ಕಂಡಿರಲಿಲ್ಲ.

ಕಳೆದ ತಿಂಗಳು ಒಂದು ಕೋಡುಬಳೆ ಕಡಿಯುವಾಗ ನಾನು ಅಲುಗಾಡಿದೆ. ಬೇರು ತಾನಾಗಿ ಸವೆದಿತ್ತು. ಡಾಕ್ಟರ್ ನಫೀಸಾ ನನ್ನನ್ನು ಮೆಲ್ಲಗೆ ಹೊರತೆಗೆದು, ಮೂಳೆಗೆ ತಿರುಪು ಕೂರಿಸಿದರು. ಹೊಸ ಹಲ್ಲಿಗೆ ನಾಲ್ಕು ತಿಂಗಳು ಕಾಯಬೇಕು, ಅಲ್ಲಿಯವರೆಗೆ ಪ್ಲೇಟು ಎಂದರು. ನರ್ಸು ನನ್ನನ್ನು ಬುಟ್ಟಿಗೆ ಹಾಕಲು ಹೋದಾಗ ಪಲ್ಲವಿ ಹತ್ತಿ ಕಚ್ಚಿಕೊಂಡ ಬಾಯಲ್ಲೇ, "ಅದ್ ನಂಗ್ ಬೇಕು" ಎಂದು ಕೈಚಾಚಿದಳು.

ಕ್ವಾರ್ಟರ್ಸು ಬಿಟ್ಟು ಬಹಳ ಕಾಲವಾಗಿತ್ತು. ಈಗಿನ ಸ್ವಂತ ಮನೆಗೆ ಹೆಂಚಿಲ್ಲ, ತಾರಸಿ. ಮೆಟ್ಟಿಲ ಮೇಲೆ ಮಾತ್ರ ಒಂದು ತಗಡಿನ ಶೀಟು. ಎಂಬತ್ತಾರರ ಅಜ್ಜಿ ಅಂಗಳದ ಕುರ್ಚಿಯಲ್ಲಿ ಕೂತೇ, ಹಾಲಿನವರ ಮನೆಯಿಂದ ತರಿಸಿದ ಸಗಣಿಯನ್ನು ಹಿಸುಕಿ ನೋಡಿ, "ಈ ಸಲ ಗಟ್ಟಿಗೈತೆ" ಎಂದು ಉಂಡೆ ಕಟ್ಟಿದರು. ಉಂಡೆಯೊಳಗೆ ಕೂತಿದ್ದವನು ನಾನು!

"ಹೇಳು ಮಗಾ, ಹಳೇ ಹಲ್ಲು ತಗೋ..."

"ಹಳೇ ಹಲ್ಲು ತಗೋ," ಎಂದಳು ಇಪ್ಪತ್ನಾಲ್ಕರ ಪಲ್ಲವಿ. ಹೊಸ ಹಲ್ಲು ಕೊಡು ಎನ್ನಬೇಕಿತ್ತು. ಅದರ ಬದಲು, "ಜೋಪಾನವಾಗಿ ನೋಡ್ಕೋ" ಎಂದಳು.

ಆಮೇಲೆ ಎಸೆದಳು.

ಬಿಸಿಲಿಗೆ ಸಗಣಿ ಒಣಗಿ ಬಿರಿದು ಉದುರಿತು. ಈಗ ನಾನು ಶೀಟಿನ ಮೇಲೆ ಬಯಲಿಗೆ ಬಿದ್ದಿದ್ದೇನೆ. ಇವತ್ತು ಬೆಳಿಗ್ಗೆ ಒಂದು ಕಾಗೆ ಬಂದು ಕತ್ತು ವಾರೆ ಮಾಡಿ ನೋಡಿತು. ನೋಡಲಿ. ಕೆಳಗೆ ಅಂಗಳದಲ್ಲಿ ಪಲ್ಲವಿ ಪ್ಲೇಟನ್ನು ತೊಳೆಯಲು ತೆಗೆದಿದ್ದಳು. ಅಜ್ಜಿಯೂ ಸೆಟ್ಟು ತೆಗೆದಿದ್ದರು. ಏನೋ ಮಾತಿಗೆ ಇಬ್ಬರೂ ನಕ್ಕರು. ಪಲ್ಲವಿ ಬಾಯಿಗೆ ಕೈ ಅಡ್ಡ ಇಡಲಿಲ್ಲ. ಎಡಗಡೆ ನನ್ನ ಜಾಗ ಖಾಲಿಯಾಗಿ ಕಾಣುತ್ತಿತ್ತು.

ಇಪ್ಪತ್ಮೂರು ವರ್ಷ ಆ ನಗುವಿನ ಒಳಗೆ ಕೂತು ಲೋಕ ನೋಡಿದವನು ನಾನು. ನಗುವನ್ನೇ ನೋಡಿದ್ದು ಇದೇ ಮೊದಲು. ಇಷ್ಟು ಚೆನ್ನಾಗಿತ್ತೆ! ಇಷ್ಟು ವರ್ಷ ದಿನಾ ಇದನ್ನು ಎದುರಿಗೇ ನೋಡುತ್ತಿದ್ದ ಅಜ್ಜಿ, ಅಪ್ಪ, ಶಾಲೆಯ ಮಕ್ಕಳು, ಆ ಕಾಂಪೌಂಡಿನ ಕಾಗೆ, ಎಲ್ಲರ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತಿದೆ.